ವೇದಿಕೆ ಹತ್ತುವ ದಾರಿ ಎಲ್ಲಿದೆ?

ನಾಟಕಗಳಿಗೆ ಲೈಟಿಂಗ್ ಮಾಡುವುದು ನನ್ನ ಕೆಲಸ. ನಾಟಕ ಕಡಿಮೆ ಇರುವ ತಿಂಗಳುಗಳಲ್ಲಿ ಹೊಟ್ಟೆಪಾಡು ನಡೆಯುವುದು ಸಮ್ಮೇಳನ, ವಿಚಾರ ಸಂಕಿರಣಗಳಿಂದ. ರಂಗಭೂಮಿ, ನೃತ್ಯ, ಚಿತ್ರಕಲೆ, ಜಾನಪದ, ಯಾವುದಾದರೂ ಸರಿ. ಭಾಷಣಕ್ಕೆ ಲೈಟು ಹೊಂದಿಸುವುದೇನು ಮಹಾ ಕೆಲಸವಲ್ಲ. ಉಳಿದ ಹೊತ್ತೆಲ್ಲ ಹಿಂದೆ ಲೈಟಿನ ಬೋರ್ಡ್ ಮುಂದೆ ಕೂತು ಹಾಲ್ ನೋಡುತ್ತಿರುತ್ತೇನೆ. ಯಾರು ಎಲ್ಲಿ ಕೂತರು, ಯಾರು ಮಧ್ಯದಲ್ಲೇ ಎದ್ದು ಹೋದರು, ಎಲ್ಲ ಅಲ್ಲಿಂದ ಕಾಣುತ್ತದೆ.

ಈಗೀಗ ಸಂಘಟಕರು ಹಾಲ್ ಬುಕ್ ಮಾಡುವಾಗ ರ‍್ಯಾಂಪ್ ಇದೆಯಾ ಅಂತ ಕೇಳುತ್ತಾರೆ. ಒಳ್ಳೆಯದೇ. ಆದರೆ ಅವರು ಕೇಳುವುದು ಬಾಗಿಲಿನ ರ‍್ಯಾಂಪ್, ವೇದಿಕೆಯದ್ದಲ್ಲ. ವೀಲ್‌ಚೇರ್‌ನಲ್ಲಿ ಬರುವವರು ಕೇಳಿಸಿಕೊಂಡು ಹೋಗುವವರೇ, ಮಾತಾಡುವವರಲ್ಲ ಅಂತ ಮೊದಲೇ ತೀರ್ಮಾನ ಆಗಿರುತ್ತದೆ.

ನನ್ನ ಗೆಳತಿಯೊಬ್ಬಳು ನೃತ್ಯ ಮಾಡುತ್ತಾಳೆ, ವೀಲ್‌ಚೇರ್ ಬಳಸುತ್ತಾಳೆ. ಒಂದು ಗೋಷ್ಠಿಯಲ್ಲಿ ಅವಳದ್ದೇ ಮುಖ್ಯ ಪ್ರಬಂಧ. ವೇದಿಕೆಗೆ ಮೆಟ್ಟಿಲು. ವಾಲಂಟಿಯರ್ ಹುಡುಗರು ಓಡಿ ಬಂದರು. "ಮೇಡಂ, ನೀವೇನೂ ಟೆನ್ಷನ್ ತಗೋಬೇಡಿ, ನಾಲ್ಕು ಜನ ಸೇರಿ ಎತ್ತಿಬಿಡ್ತೀವಿ." ಎತ್ತಿದರು ಕೂಡ. ಸಭೆ ಚಪ್ಪಾಳೆ ತಟ್ಟಿತು. ಅವಳಿನ್ನೂ ಒಂದು ಮಾತೂ ಆಡಿರಲಿಲ್ಲ! ಆಮೇಲೆ ಗ್ರೀನ್‌ರೂಮಿನಲ್ಲಿ ಅವಳು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ವೇದಿಕೆಗೆ ರ‍್ಯಾಂಪ್ ಹಾಕುವುದು ಸುಲಭ ಅಂತ ನಾನು ಹೇಳುವುದಿಲ್ಲ. ಒಂದು ಅಡಿ ಏರಬೇಕಾದರೆ ಕನಿಷ್ಠ 12 ಅಡಿ ಉದ್ದ ಬೇಕು. ಮೂರು ಅಡಿ ಎತ್ತರದ ವೇದಿಕೆಗೆ 36 ಅಡಿ ಆಯಿತು. ಅಷ್ಟು ಜಾಗ ಯಾವ ಹಾಲ್‌ನಲ್ಲಿದೆ? ಅದಕ್ಕೆ ಒಂದು ಹಲಗೆ ಒರಗಿಸಿ ಇಡುತ್ತಾರೆ. ಅದು ಪಾರ್ಕಿನ ಜಾರುಬಂಡೆ, ರ‍್ಯಾಂಪ್ ಅಲ್ಲ. ನನ್ನ ಉಪಾಯ ಬೇರೆ. ವೇದಿಕೆಯನ್ನೇ ಬಿಟ್ಟುಬಿಡಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂಥ ಕಡೆ ಸೀಟುಗಳು ಹಿಂದಕ್ಕೆ ಹೋದ ಹಾಗೆ ಮೇಲೇರುತ್ತವೆ. ಗೋಷ್ಠಿಗೆ ಕೂರುವವರೆಲ್ಲ ವೇದಿಕೆಯ ಕೆಳಗೆ, ಮೊದಲ ಸಾಲಿನ ಮುಂದೆ ಕೂತರೂ ಹಿಂದಿನವರಿಗೆ ಕಾಣುತ್ತದೆ. ನಾನು ಎರಡು ಲೈಟು ಸ್ಟ್ಯಾಂಡಿಗೆ ಹಾಕಿ ತಿರುಗಿಸಬೇಕು, ಅಷ್ಟೇ. ಅಧ್ಯಕ್ಷರಿಗೆ ಎತ್ತರದಲ್ಲಿ ಕೂತ ಸುಖ ತಪ್ಪುತ್ತದೆ, ಅದು ನಿಜ.

ವೀಲ್‌ಚೇರ್ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಬಗ್ಗೆ ಇಷ್ಟಾದರೂ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯದ 21 ಬಗೆಗಳಿವೆ. ಆಟಿಸಂ ಇದೆ, ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ಇದೆ, ಕಿವಿ ಮಂದವಾಗಿರುವುದೂ ಇದೆ. ಕಿವಿಯ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರಿಸುವವರು "ನನ್ನ ಗಂಟಲು ದೊಡ್ಡದು, ಮೈಕ್ ಬೇಡ" ಅನ್ನುವ ಹಿರಿಯರು. ನಾಟಕದವರಲ್ಲಿ ಈ ಕಾಯಿಲೆ ಜಾಸ್ತಿ. ಸ್ವಾಮಿ, ಮೈಕ್ ಇರುವುದು ನಿಮ್ಮ ಗಂಟಲಿಗಲ್ಲ, ಹಿಂದೆ ಕೂತವರ ಕಿವಿಗೆ.

ಸಂಜ್ಞಾ ಭಾಷೆಯ ದುಭಾಷಿಗಳನ್ನು ಕರೆಸುವ ಸಂಘಟಕರೂ ಇದ್ದಾರೆ. ಕರೆಸಿ, ಮೂಲೆಯಲ್ಲಿ ನಿಲ್ಲಿಸುತ್ತಾರೆ. ಪರದೆ ಮೇಲೆ ಚಿತ್ರ ತೋರಿಸಲು ಹಾಲ್ ಕತ್ತಲು ಮಾಡಿದ ಕೂಡಲೇ ದುಭಾಷಿಯೂ ಮಾಯ. ಅವರ ಕೈ, ಮುಖ ಎರಡೂ ಕಾಣಬೇಕು. ಅದಕ್ಕೆ ಒಂದು ಲೈಟು ಬೇರೆಯೇ ಇಟ್ಟು, ಬೆಳಕು ಏರಿಸಿ ಇಳಿಸುವ ಡಿಮ್ಮರ್‌ನಲ್ಲಿ ಅದನ್ನು ಯಾರೂ ಮುಟ್ಟಬೇಡಿ ಅಂತ ಟೇಪ್ ಅಂಟಿಸುತ್ತೇನೆ. ಇಡೀ ದಿನಕ್ಕೆ ಒಬ್ಬರೇ ದುಭಾಷಿ ಸಾಲುವುದಿಲ್ಲ. ಇಬ್ಬರಿರಬೇಕು, ಇಪ್ಪತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಬದಲಾಗುತ್ತಿರಬೇಕು. ಭಾಷಣದ ಪ್ರತಿ ಹಿಂದಿನ ದಿನವೇ ಅವರ ಕೈಗೆ ಸಿಗಬೇಕು. ರಾಗದ ಹೆಸರು, ಊರಿನ ಹೆಸರು, ವಚನದ ಸಾಲು ದಿಢೀರ್ ಅಂತ ಬಂದರೆ ಅವರಾದರೂ ಏನು ಮಾಡುತ್ತಾರೆ?

ಕಿವಿ ಮಂದ ಇದ್ದು ಸಂಜ್ಞಾ ಭಾಷೆ ಬಾರದವರಿಗೆ ಮಾತು ಪರದೆ ಮೇಲೆ ಅಕ್ಷರವಾಗಿ ಬರಬೇಕು. ಕನ್ನಡದಲ್ಲಿ ಮಾತು ಕೇಳಿಸಿಕೊಂಡು ಆಗಿಂದಾಗಲೇ ಟೈಪ್ ಮಾಡುವವರು ಎಲ್ಲಿದ್ದಾರೆ ಅಂತ ಸಂಘಟಕರು ಕೇಳುತ್ತಾರೆ. ವಿಧಾನಸೌಧದಲ್ಲಿ ಅಧಿವೇಶನದ ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ವರದಿಗಾರರಿದ್ದಾರೆ. ಆ ಗದ್ದಲದಲ್ಲೇ ಬರೆದು ಪಳಗಿದವರು ನಿವೃತ್ತರಾದ ಮೇಲೆ ನಮ್ಮ ಗೋಷ್ಠಿಗಳಿಗೆ ಯಾಕೆ ಬರಬಾರದು? ಕೇಳಿ ನೋಡಿದವರು ಯಾರೂ ನನಗೆ ಸಿಕ್ಕಿಲ್ಲ.

ದುಡ್ಡಿಲ್ಲ ಅನ್ನುವ ಮಾತು ನಂಬುವುದಕ್ಕೆ ನನಗೆ ಕಷ್ಟ. ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫ್ಲೆಕ್ಸು. ಇದಕ್ಕೆಲ್ಲ ಎಲ್ಲಿಂದಲೋ ಬರುತ್ತದೆ. ಆ ಫ್ಲೆಕ್ಸುಗಳನ್ನು ಕಾರ್ಯಕ್ರಮ ಮುಗಿದ ಮೇಲೆ ಸುತ್ತಿ ಇಡುವುದು ಎಲ್ಲಿ ಗೊತ್ತಾ? ವೀಲ್‌ಚೇರ್‌ನವರ ಟಾಯ್ಲೆಟ್‌ನಲ್ಲಿ. ಪೊರಕೆ, ಬಕೆಟ್ಟಿನ ಜೊತೆ.

ನೋಂದಣಿ ಫಾರಂ ಇನ್ನೊಂದು ತಮಾಷೆ. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಜಾನಪದ ಗೋಷ್ಠಿಗಳ ಫಾರಂಗಳಲ್ಲಿ ಈಗಲೂ ಶ್ರೀ, ಶ್ರೀಮತಿ ಎರಡೇ.

ಊಟದ ಜಗಳ ಎಲ್ಲರಿಗೂ ನೆನಪಿರಬೇಕು. 2024ರ ಡಿಸೆಂಬರ್‌ನ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಜೊತೆಗೇ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಬಾಡೂಟ ಬೇಕು ಅಂತ ಜನ ಬೀದಿಗಿಳಿದದ್ದು ಬರೀ ನಾಲಿಗೆ ಚಪಲಕ್ಕಲ್ಲ. ನಿಮ್ಮ ಮನೆ ಊಟ ಸಿಗರೇಟಿನ ಸಾಲಿಗೆ ಸೇರಿದೆ ಅಂದರೆ ಯಾರಿಗೆ ಉರಿಯುವುದಿಲ್ಲ?

ಇನ್ನು ಸುರಕ್ಷತೆ. ನನ್ನ ಲೆಕ್ಕದಲ್ಲಿ ಅದು ಸಮಯಕ್ಕೆ ಸರಿಯಾಗಿ ಶುರು ಮಾಡುವುದರಿಂದಲೇ ಆರಂಭ. ಮುಖ್ಯ ಅತಿಥಿಗಳು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎಂಟಕ್ಕೆ ಮುಗಿಯಬೇಕಾದದ್ದು ಹತ್ತೂವರೆ ಆಗುತ್ತದೆ. ಕೊನೆಯ ಮೆಟ್ರೋ ಹಿಡಿಯಲು ಕಲಾಕ್ಷೇತ್ರದ ಮುಂದಿನ ಜೆ.ಸಿ. ರಸ್ತೆಯಲ್ಲಿ ಓಡುವವರು ಯಾರು? ಹುಡುಗಿಯರು. ರಂಗ ಶಂಕರ ನಾಟಕಮಂದಿರದಲ್ಲಿ ಬೆಲ್ ಆದ ಮೇಲೆ ಬಾಗಿಲು ಹಾಕುತ್ತಾರೆ ಅಂತ ಗೊಣಗುವವರಿದ್ದಾರೆ. ನನಗಂತೂ ಆ ಶಿಸ್ತು ಇಷ್ಟ.

ಮತ್ತೆ ದೂರಿನ ವಿಷಯ. ಹಿರಿಯ ಕಲಾವಿದರೊಬ್ಬರು ಅತಿಯಾಗಿ ಮೈಮೇಲೆ ಬಿದ್ದು ಮಾತಾಡಿಸುತ್ತಾರೆ ಅಂತ ಒಬ್ಬ ಹುಡುಗಿ ಸಂಘಟಕರಿಗೆ ಹೇಳಿದ್ದು ನನ್ನೆದುರೇ. "ಅವರು ದೊಡ್ಡವರು ಕಣಮ್ಮ, ಸುಮ್ನೆ ಯಾಕೆ?" ಅಂದುಬಿಟ್ಟರು. ಅದು ಹತ್ತು ಜನಕ್ಕಿಂತ ಕಡಿಮೆ ಇರುವ ಟ್ರಸ್ಟ್, ಹಾಗಾಗಿ ಇಂಥ ದೂರು ಕೇಳುವ ಆಂತರಿಕ ಸಮಿತಿ ಇಲ್ಲ. ಹಾಗಂತ ದಾರಿ ಮುಚ್ಚಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಅಂತ ಇದೆ. ದೂರು ಕೊಡುವವಳು ಆ ಸಂಸ್ಥೆಯಲ್ಲಿ ಸಂಬಳಕ್ಕಿರಬೇಕು ಅಂತಿಲ್ಲ. ಮೂರು ತಿಂಗಳೊಳಗೆ ಬರೆದು ಕೊಡಬೇಕು. ಆದರೆ ಆ ಕಾಯ್ದೆ ಹೆಣ್ಣುಮಕ್ಕಳಿಗೆ ಮಾತ್ರ. ಹುಡುಗರಿಗೆ ಆದದ್ದನ್ನು ಕೇಳಲು ಸಂಘಟಕರೇ ನಿಯಮ ಮಾಡಬೇಕು. ಯಾರಿಗೆ ಹೇಳಬೇಕು ಅಂತ ಒಂದು ಫೋನ್ ನಂಬರ್ ಬಾಗಿಲಲ್ಲಿ ಅಂಟಿಸಬೇಕು. ಆ ನಂಬರ್ ಸಂಘಟಕರ ಭಾವಮೈದನದ್ದಾಗಿರಬಾರದು.

ನಾನೀಗ ಕೊಟೇಶನ್‌ನಲ್ಲಿ ಮೂರು ಸಾಲು ಸೇರಿಸಿದ್ದೇನೆ. ಗೋಷ್ಠಿ ನೆಲದ ಮೇಲೆ ನಡೆಸಲು ಸ್ಟ್ಯಾಂಡ್ ಲೈಟು. ದುಭಾಷಿಗೆ ಪ್ರತ್ಯೇಕ ಲೈಟು. ಪ್ರದರ್ಶನದಲ್ಲಿ ಪಟಪಟ ಮಿನುಗುವ ಲೈಟಿದ್ದರೆ, ಫಿಟ್ಸ್ ಇರುವವರಿಗಾಗಿ ಬಾಗಿಲಲ್ಲಿ ಒಂದು ಎಚ್ಚರಿಕೆಯ ಬೋರ್ಡ್. ಮೊನ್ನೆ ಒಬ್ಬರು ಫೋನ್ ಮಾಡಿ ಎರಡನೇ ಸಾಲು ತೆಗೆದರೆ ಎಷ್ಟು ಕಡಿಮೆಯಾಗುತ್ತೆ ಅಂತ ಕೇಳಿದರು. ಹಣ್ಣಿನ ಬುಟ್ಟಿಗೆ ಎಷ್ಟು ಇಟ್ಟಿದ್ದೀರಿ ಅಂತ ನಾನೂ ಕೇಳಿದೆ. ನೋಡಿ ಹೇಳುತ್ತೇವೆ ಅಂದಿದ್ದಾರೆ.