ದೊಡ್ಡಪ್ಪನ ಜೇಬಿನಲ್ಲಿದ್ದ ಟಿಕೆಟ್

"ಮನೆ ಬಿಡುವಾಗ ಯಾವ ಬಣ್ಣದ ಅಂಗಿ ಹಾಕಿದ್ರು?"

ಸ್ಟೇಷನ್ನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ನನಗೆ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ದೊಡ್ಡಪ್ಪನ ಕೈಗೆ ಕಾಫಿ ಲೋಟ ಕೊಟ್ಟವಳು ನಾನೇ.

ನಾಚಿಕೆ ಬಿಟ್ಟು ಹೇಳುತ್ತೇನೆ. 1948ರ ಡಿಸೆಂಬರ್ 1ರಂದು ಆಸ್ಟ್ರೇಲಿಯಾದ ಅಡಿಲೇಡ್ ಹತ್ತಿರ ಸಾಮರ್ಟನ್ ಬೀಚಿನಲ್ಲಿ ಹೆಣವಾಗಿ ಸಿಕ್ಕ ಅನಾಮಿಕನ ಜೇಬಿನಲ್ಲಿ ಏನೇನಿತ್ತು ಅಂತ ಅವರು ಕೇಳಿದ್ದರೆ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ. ಬಳಸದ ರೈಲು ಟಿಕೆಟ್, ಒಂದು ಬಸ್ ಟಿಕೆಟ್, ಬಾಚಣಿಗೆ, ಚೂಯಿಂಗ್ ಗಮ್, ಸಿಗರೇಟು, ಬೆಂಕಿಪೊಟ್ಟಣ. ಬಟ್ಟೆಯ ಲೇಬಲ್ಲುಗಳು ಇರಲಿಲ್ಲ. ಪ್ಯಾಂಟಿನ ಚಿಕ್ಕ ಜೇಬಿನಲ್ಲಿ 'ತಮಾಮ್ ಶುದ್' ಅಂತ ಅಚ್ಚಾಗಿದ್ದ ಚೀಟಿ, ಅಂದರೆ 'ಮುಗಿಯಿತು'. ಉಮರ್ ಖಯ್ಯಾಮನ ಪದ್ಯಗಳ ಪುಸ್ತಕದ ಕೊನೇ ಪುಟದಿಂದ ಹರಿದದ್ದು. (ನಮ್ಮ ಡಿವಿಜಿ ಕನ್ನಡಕ್ಕೆ ತಂದ ಅದೇ ಖಯ್ಯಾಮ.) ರಾತ್ರಿ ಪಾತ್ರೆ ತೊಳೆಯುತ್ತಾ ಇಂಥ ಕೇಸುಗಳನ್ನು ಕಿವಿಗೆ ಹಾಕಿಕೊಂಡು ಕೇಳುವುದು ನನ್ನ ಚಟ. ಮನೆಯಲ್ಲಿ ನನ್ನನ್ನು 'ಇನ್ಸ್‌ಪೆಕ್ಟರ್' ಅಂತಲೇ ಕರೆಯುತ್ತಾರೆ.

ಈ ಇನ್ಸ್‌ಪೆಕ್ಟರ್ ಮಾಡಿದ ಘನಕಾರ್ಯ ಕೇಳಿ. ಮೈಸೂರಿನ ನಮ್ಮ ಮನೆಯಿಂದ ಹಾಲು ತರಲು ಹೋದ ದೊಡ್ಡಪ್ಪ, 76 ವರ್ಷ, ಎರಡು ವರ್ಷದಿಂದ ಮರೆವು, ಹನ್ನೊಂದಾದರೂ ಬರಲಿಲ್ಲ. ದೊಡ್ಡಮ್ಮ "ಪೊಲೀಸ್ರಿಗೆ ಹೇಳೋಣ್ವೇನೇ" ಅಂದರು. "24 ಗಂಟೆ ಆಗದೆ ಕಂಪ್ಲೇಂಟ್ ತಗೊಳ್ಳಲ್ಲ ದೊಡ್ಡಮ್ಮ" ಅಂದೆ ನಾನು, ಎಲ್ಲ ತಿಳಿದವಳ ಹಾಗೆ. ಅಣ್ಣ ಸ್ಕೂಟರಿನಲ್ಲಿ ಬೀದಿ ಬೀದಿ ಸುತ್ತಿದ, ದೇವಸ್ಥಾನ, ಪಾರ್ಕು, ಬಸ್ ಸ್ಟ್ಯಾಂಡು ಎಲ್ಲ ನೋಡಿದ, ಸಂಜೆ ಆಯಿತು, ಕೊನೆಗೆ ತಡೆಯಲಾರದೆ ಸ್ಟೇಷನ್ನಿಗೆ ಹೋದೆವು.

"24 ಗಂಟೆ ಅಂತ ಯಾರ್ ಹೇಳಿದ್ದು ಮೇಡಂ ನಿಮಗೆ?" ಅಂದರು ಹೆಡ್ ಕಾನ್ಸ್‌ಟೇಬಲ್. "ಬೆಳಿಗ್ಗೇನೇ ಬರೋದಲ್ವಾ?"

ಅಂಥ ಕಾನೂನು ಎಲ್ಲೂ ಇಲ್ಲ. ಕಾಣೆಯಾದದ್ದು ಮಗುವಾದರಂತೂ ಅಪಹರಣ ಅಂತಲೇ ಭಾವಿಸಿ ಎಫ್‌ಐಆರ್ ಹಾಕಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಾನು ನಂಬಿಕೊಂಡಿದ್ದು ಯಾವುದೋ ಸೀರಿಯಲ್ಲಿನ ಕಾನೂನು. ಅದಕ್ಕೆ ಇಡೀ ದಿನ ಹಾಳಾಯಿತು.

'ಮನುಷ್ಯ ಕಾಣೆ' ಅಂತ ಕೇಸು ದಾಖಲಾಯಿತು. ಆಮೇಲೆ ಚಹರೆ. ಎತ್ತರ, ಮೈಬಣ್ಣ, ಮುಖ, ಮೈಕಟ್ಟು, ಬಟ್ಟೆ, ಆಡುವ ಭಾಷೆ, ಗುರುತಿನ ಮಚ್ಚೆ. ಪೇಪರಿನ ಮೂಲೆಯಲ್ಲಿ ಈ ಸಾಲುಗಳನ್ನು ಎಷ್ಟು ಸಲ ಓದಿದ್ದೇನೋ. ಕೋಲು ಮುಖ, ಗೋಧಿ ಬಣ್ಣ, ಸಾಧಾರಣ ಮೈಕಟ್ಟು. ನಮ್ಮ ದೊಡ್ಡಪ್ಪನದು ಕೋಲು ಮುಖವೋ ದುಂಡು ಮುಖವೋ ಅಂತ ನಾನೂ ಅಣ್ಣನೂ ಅಲ್ಲೇ ನಿಂತು ವಾದ ಮಾಡಿದೆವು. ನನ್ನ ಫೋನಿನಲ್ಲಿ ಅವರೊಬ್ಬರದೇ ಫೋಟೊ ಒಂದೂ ಇರಲಿಲ್ಲ. ಸಿಕ್ಕಿದ್ದು ಮದುವೆಯ ಗ್ರೂಪ್ ಫೋಟೊ, ಅದರಲ್ಲಿ ಕಣ್ಣು ಮುಚ್ಚಿದ್ದಾರೆ. ದೊಡ್ಡಮ್ಮನಿಗೆ ಫೋನ್ ಮಾಡಿದರೆ ಅವರು ತಡವರಿಸಲೇ ಇಲ್ಲ. ತಿಳಿ ನೀಲಿ ಅಂಗಿ, ಮೇಲಿನ ಗುಂಡಿ ಬಿಳಿ ದಾರದಲ್ಲಿ ಹೊಲಿದದ್ದು, ಎಡಗಿವಿ ಹಿಂದೆ ಮಚ್ಚೆ, ಬಲ ಮಂಡಿ ಮೇಲೆ ಸೈಕಲ್ಲಿನಿಂದ ಬಿದ್ದ ಗಾಯದ ಗುರುತು. ಬಿಳಿ ದಾರದ ವಿಷಯವನ್ನೂ ಬರೆದುಕೊಂಡರು.

ದೊಡ್ಡಪ್ಪ ಮೊಬೈಲ್ ಮನೆಯಲ್ಲೇ ಬಿಟ್ಟಿದ್ದರು. ಟವರ್ ಲೊಕೇಶನ್ನಿನ ಮಾತೇ ಇಲ್ಲ.

ರಾತ್ರಿ ಹತ್ತೂವರೆಗೆ ಸ್ಟೇಷನ್ನಿನಿಂದ ಫೋನ್ ಬಂತು. ದೊಡ್ಡಾಸ್ಪತ್ರೆ ಶವಾಗಾರಕ್ಕೆ ಒಂದು ಬಾಡಿ ಬಂದಿದೆ, ವಯಸ್ಸು ಹೊಂದುತ್ತದೆ, ಒಂದ್ಸಲ ನೋಡಿಬಿಡಿ ಅಂತ. ಅಣ್ಣ ಒಳಗೆ ಹೋದ. ಇಷ್ಟು ವರ್ಷ ಪೋಸ್ಟ್‌ಮಾರ್ಟಂ ಕಥೆಗಳನ್ನು ಊಟ ಮಾಡುತ್ತಾ ಕೇಳಿದವಳು ನಾನು. ಬಾಗಿಲು ದಾಟಲು ಕಾಲು ಬರಲಿಲ್ಲ. ಹೊರಗೆ ನಿಂತಿದ್ದೆ. ಅಣ್ಣ ಬಂದು "ಅವರಲ್ಲ" ಅಂದ. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆವು. ಸ್ವಲ್ಪ ಹೊತ್ತಾದ ಮೇಲೆ ಅವನೇ ಹೇಳಿದ, "ಪಾಪ, ಹೊಸ ಪಂಚೆ ಕಣೇ ಅವರದ್ದು." ಆ ಪಂಚೆಯವರ ಮನೆಯಲ್ಲೂ ಯಾರೋ ಹುಡುಕುತ್ತಿದ್ದರೋ ಏನೋ.

ಮಾರನೇ ದಿನ ಸಂಜೆ ನಾಲ್ಕಕ್ಕೆ ದೊಡ್ಡಪ್ಪ ತಾವೇ ಗೇಟು ತೆಗೆದುಕೊಂಡು ಒಳಗೆ ಬಂದರು. ಸೆಖೆ ಅಂತ ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದರು. ಗಡ್ಡ ಬೋಳಿಸಿತ್ತು! ಹೋಗುವಾಗ ನಾಲ್ಕು ದಿನದ ಗಡ್ಡ ಇತ್ತು, ಅದಂತೂ ನನಗೆ ನೆನಪಿದೆ. ಎಲ್ಲಿಗೆ ಹೋಗಿದ್ರಿ ಅಂತ ಕೇಳಿದರೆ "ಎಲ್ಲೂ ಇಲ್ವಲ್ಲ, ಹಾಲು ಸಿಗಲಿಲ್ಲ" ಅಂದರು. ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಹೇಳಿಕೆ ಕೊಟ್ಟು ಸಹಿ ಮಾಡಿದೆವು. ಅವರ ಲೆಕ್ಕದಲ್ಲಿ ಕೇಸು ಮುಗಿಯಿತು.

ನನ್ನ ಲೆಕ್ಕದಲ್ಲಿ ಮುಗಿದಿಲ್ಲ. ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿತು. ಹುಣಸೂರಿನಿಂದ ಮೈಸೂರಿಗೆ. 45 ಕಿಲೋಮೀಟರ್ ದೂರದ ಹುಣಸೂರಿನಲ್ಲಿ ನಮಗೆ ನೆಂಟರಿಲ್ಲ, ಪರಿಚಯದವರೂ ಇಲ್ಲ. ಟಿಕೆಟ್ ಇಬ್ಬರದು. ಎರಡೂ ದುಡ್ಡು ಕೊಟ್ಟು ತೆಗೆದದ್ದು. ನಮ್ಮ ಹೆಂಗಸರಿಗೆ 2023ರ ಜೂನಿನಿಂದ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್, ಹಾಗಾಗಿ ಜೊತೆಗೆ ಬಂದದ್ದು ಗಂಡಸೇ ಇರಬೇಕು. ಇಷ್ಟು ಮಾತ್ರ ನನ್ನ ಪತ್ತೇದಾರಿಕೆ. ಅವರು ಯಾರು, ರಾತ್ರಿ ದೊಡ್ಡಪ್ಪ ಯಾರ ಮನೆಯಲ್ಲಿ ಮಲಗಿದ್ದರು, ಅಷ್ಟು ದೂರ ಕರೆತಂದವರು ಬಾಗಿಲವರೆಗೆ ಬಂದು ಒಂದು ಲೋಟ ನೀರೂ ಕುಡಿಯದೆ ಯಾಕೆ ಹೋದರು?

ಸಾಮರ್ಟನ್ ಮನುಷ್ಯನ ಮುಖದ ಅಚ್ಚಿಗೆ ಅಂಟಿಕೊಂಡಿದ್ದ ಕೂದಲಿನ ಡಿಎನ್‌ಎ ಹಿಡಿದು, ಆತ ಮೆಲ್ಬರ್ನಿನ ಎಂಜಿನಿಯರ್ ಕಾರ್ಲ್ ವೆಬ್ ಅಂತ ಪ್ರೊಫೆಸರ್ ಡೆರೆಕ್ ಅಬಟ್ 2022ರಲ್ಲಿ ಹೇಳಿದರು. ಆದರೂ ಅಲ್ಲಿಗೆ ಯಾಕೆ ಬಂದಿದ್ದ ಅನ್ನುವುದು ಹಾಗೇ ಉಳಿದಿದೆ. ನಮ್ಮವರು ಎದುರಿಗೇ ಕೂತಿದ್ದಾರೆ, ಕೇಳಿದರೂ ಹೇಳರು. ಅವತ್ತು ರಾತ್ರಿ ಕನ್ನಡಿ ಮುಂದೆ ನಿಂತು ಕೆನ್ನೆ ಸವರಿಕೊಂಡು ಅಂದದ್ದು ಒಂದೇ ಮಾತು: "ಚೆನ್ನಾಗೇ ಮಾಡಿದಾನೆ, ಮೀಸೆ ಮಾತ್ರ ಸ್ವಲ್ಪ ಓರೆ."