ಗೋಡೆಯ ಮೇಲಿನ ಗೆರೆ

ಎದುರಿನಿಂದ ಬರುವವರು ಹೈ ಬೀಮ್ ಮಿನುಗಿಸಿದಾಗಲೆಲ್ಲ ನಾನು ಅವರನ್ನೇ ಬೈಯುತ್ತಿದ್ದೆ. ನನ್ನದು ಡಿಮ್‌ನಲ್ಲೇ ಇದೆ, ಇವರಿಗೇನು ಕಷ್ಟ ಎಂದು. ಒಬ್ಬಿಬ್ಬರಾದರೆ ಸರಿ, ಒಂದು ವಾರದಲ್ಲಿ ಹತ್ತಾರು ಮಂದಿ ಮಿನುಗಿಸಿದರು. ಆದರೂ ತಪ್ಪು ನನ್ನದಿರಬಹುದು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಕಾರಿಗೆ ಹತ್ತು ವರ್ಷ ದಾಟಿತ್ತು. ಮಳೆ ಬಿದ್ದ ರಾತ್ರಿ ಒದ್ದೆ ರಸ್ತೆ ಬೆಳಕನ್ನೆಲ್ಲ ಕುಡಿದುಬಿಡುತ್ತಿತ್ತು. ಅಂಚಿನ ಬಿಳಿ ಗೆರೆ ಎಲ್ಲಿದೆ ಎಂದು ಸ್ಟೀರಿಂಗ್ ಮೇಲೆ ಬಾಗಿ ಹುಡುಕಿ ಹುಡುಕಿ ಕುತ್ತಿಗೆ ಹಿಡಿದುಕೊಂಡಿತ್ತು. ಹಾಗಾಗಿ ಹ್ಯಾಲೊಜನ್ ಬಲ್ಬ್ ಕಿತ್ತು ಎಲ್‌ಇಡಿ ತಂದು ಹಾಕಿದೆ. ಪೆಟ್ಟಿಗೆಯ ಮೇಲೆ ಲ್ಯೂಮೆನ್, ಅಂದರೆ ಬೆಳಕಿನ ಪ್ರಮಾಣದ ಲೆಕ್ಕ, ಐದಂಕಿಯಲ್ಲಿತ್ತು. ಕಾಲು ಗಂಟೆಯ ಕೆಲಸ. ಬಾನೆಟ್ ಮುಚ್ಚಿ ಸ್ವಿಚ್ ಹಾಕಿದರೆ ಎದುರಿನ ಗೋಡೆಗೆ ಹಗಲಾಯಿತು. ಬಂಪರಿನ ಮುಂದೆ ಹತ್ತು ಹದಿನೈದು ಮೀಟರ್ ಬಿಳಿ ಜಮಖಾನ ಹಾಸಿದಂತೆ ಕಾಣುತ್ತಿತ್ತು. ಅದರಾಚೆಯ ಕತ್ತಲೆ ಮೊದಲಿಗಿಂತ ದಟ್ಟವಾಗಿದ್ದುದು ಆ ಸಂಭ್ರಮದಲ್ಲಿ ಗಮನಕ್ಕೆ ಬರಲಿಲ್ಲ. ಹತ್ತಿರದ ನೆಲ ಅತಿಯಾಗಿ ಬೆಳಗಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ್ದು ಕಾಣುವುದು ಇನ್ನೂ ಕಷ್ಟವಾಗುತ್ತದೆ.

ಆ ಶನಿವಾರ ಅತ್ತೆಯನ್ನು ಕರೆತರಲು ಹೆಂಡತಿ ಕಾರು ತೆಗೆದುಕೊಂಡು ಹೋಗಿದ್ದಳು. ಬೀದಿದೀಪ ಕೆಟ್ಟಿತ್ತು, ತಿರುವಿನಲ್ಲಿ ಪೈಪಿಗೆಂದು ಗುಂಡಿ ಅಗೆದಿದ್ದರು. ಬಂದಾಗ ತೋರಿಸೋಣ ಎಂದು ನಾನು ಅದರ ಪಕ್ಕದಲ್ಲೇ ಹೋಗಿ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಎರಡು ಬಿಳಿ ಬೆಂಕಿಯುಂಡೆಗಳು ತಿರುಗಿ ನನ್ನ ಕಡೆಗೆ ಬಂದವು. ಕೈ ಅಡ್ಡ ಹಿಡಿದೆ. ಬೆರಳ ಸಂದಿಯಿಂದಲೂ ಇರಿಯುವ ಬೆಳಕು. ರಸ್ತೆಯಿಲ್ಲ, ಕಾಂಪೌಂಡಿಲ್ಲ, ನನ್ನ ಕಾಲೇ ನನಗಿಲ್ಲ. "ಯಾವನಪ್ಪಾ ಇವನು, ಬುದ್ಧಿಯಿಲ್ಲದವನು!" ಎಂದು ಗಟ್ಟಿಯಾಗಿ ಬೈದು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಸರಿದದ್ದು ನೇರ ಗುಂಡಿಯೊಳಕ್ಕೆ.

ಕಾರು ನಿಂತಿತು. ಗಾಜು ಇಳಿಯಿತು. "ಅಲ್ಲೇನು ಮಾಡುತ್ತಿದ್ದೀರಿ?" ಎಂದಳು ಹೆಂಡತಿ. ಮೊಣಕಾಲುದ್ದ ಕೆಸರಿನಲ್ಲಿ ನಿಂತವನ ಬಳಿ ಉತ್ತರವಿರಲಿಲ್ಲ. ಅತ್ತೆ ಮಾತ್ರ ಬಹಳ ಗೌರವದಿಂದ ನಗು ತಡೆದುಕೊಂಡರು.

ಮರುದಿನ ಬೆಳಿಗ್ಗೆ ಹಳೆಯ ಬಲ್ಬನ್ನೂ ಹೊಸದನ್ನೂ ಪತ್ರಿಕೆಯ ಮೇಲೆ ಪಕ್ಕಪಕ್ಕದಲ್ಲಿಟ್ಟುಕೊಂಡು ಕುಳಿತೆ. ಹಳೆಯದು ಎಚ್4 ಎಂಬ ಮಾದರಿ, 60/55 ವ್ಯಾಟ್. ಬೆರಳಿನ ಗಾತ್ರದ ಗಾಜಿನೊಳಗೆ ಎರಡು ಫಿಲಮೆಂಟ್: ಹೈ ಬೀಮ್‌ಗೆ 60ರದು, ಡಿಮ್‌ಗೆ 55ರದು. ಡಿಮ್‌ನ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು, ಗೊಂಬೆಯಾಟದ ಚಮಚದಷ್ಟು. ವರ್ಷಗಟ್ಟಲೆ ಇಂಥ ಬಲ್ಬು ಬದಲಿಸಿದ್ದರೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಕರಾಮತ್ತೆಲ್ಲ ಅದರದೇ. ಡಿಮ್‌ನ ಬೆಳಕು ದೀಪದೊಳಗಿನ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲರ್ಧಕ್ಕೆ ಬಿದ್ದರೆ ರಸ್ತೆಯ ಕಡೆಗೆ ಇಳಿಯುತ್ತದೆ, ಕೆಳಗಿನರ್ಧಕ್ಕೆ ಬಿದ್ದರೆ ಆಕಾಶದ ಕಡೆಗೆ, ಅಂದರೆ ಎದುರಿನವರ ಕಣ್ಣಿಗೆ, ಏರುತ್ತದೆ. ಆ ಬಟ್ಟಲು ಕೆಳಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ. ಅದಕ್ಕೇ ಗೋಡೆಯ ಮೇಲೆ ಸ್ಪಷ್ಟ ಗೆರೆ ಮೂಡುತ್ತದೆ: ಕೆಳಗೆ ಬೆಳಕು, ಮೇಲೆ ಕತ್ತಲೆ.

ನನ್ನ ಎಲ್‌ಇಡಿಯಲ್ಲೂ ಬಟ್ಟಲಿನಂಥದ್ದೊಂದು ಇತ್ತು. ಆದರೆ ತಂತಿಯ ಸುರುಳಿಯ ಜಾಗದಲ್ಲಿ ದಪ್ಪ ಪಟ್ಟಿ, ಅದರ ಎರಡು ಬದಿಗೆ ಅಂಟಿಸಿದ ಚಿಪ್‌ಗಳು. ರಿಫ್ಲೆಕ್ಟರಿನ ಒಂದೊಂದು ಬಾಗೂ ಫಿಲಮೆಂಟ್ ಇಂಥಲ್ಲೇ, ಇಷ್ಟೇ ಗಾತ್ರದಲ್ಲಿ ಇರುತ್ತದೆಂದು ನಂಬಿ ಮಾಡಿದ್ದು. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಗೆರೆ ಕದಡಿಹೋಗುತ್ತದೆ. ಬಲ್ಬಿನ ಬುಡದ ಕಾಲರ್ ತಿರುಗಿಸಿ ಚಿಪ್‌ಗಳು ಎಡಬಲಕ್ಕೆ ನೇರವಾಗಿ ನೋಡುವಂತೆ ಮಾಡಿ ನೋಡಿದೆ. ಸ್ವಲ್ಪ ಸುಧಾರಿಸಿತು, ಸಾಕಾಗುವಷ್ಟಲ್ಲ. ಕಿತ್ತು ಪೆಟ್ಟಿಗೆಗೆ ಹಾಕಿದೆ.

ಹಾಗಾದರೆ 100/90 ವ್ಯಾಟಿನ ಹ್ಯಾಲೊಜನ್? ಆ ಆಸೆಯೂ ಬಂತು. ನಮ್ಮ ಎಲೆಕ್ಟ್ರಿಶಿಯನ್ ಬಾಯಲ್ಲಿ ಏನೂ ಹೇಳಲಿಲ್ಲ. ಡಬ್ಬಿಯಿಂದ ಕಂದಿ ಕರಗಿದ ಹೋಲ್ಡರೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ನಂತರ ಮಲ್ಟಿಮೀಟರ್ ತೆಗೆದುಕೊಂಡು, ಎಂಜಿನ್ ಚಾಲೂ ಇರುವಾಗ, ದೀಪ ಹೊತ್ತಿಸಿ ಬ್ಯಾಟರಿಯ ಮೇಲೆ ಅಳೆದ: 14.1 ವೋಲ್ಟ್. ಬಲ್ಬಿನ ಬೆನ್ನಿಗೆ ಅಳೆದ: 12.3.

ಉಳಿದದ್ದು ಎಲ್ಲಿ ಹೋಯಿತು? ಸಪೂರ ವೈರ್, ಸವೆದ ಸ್ವಿಚ್, ಕಾರಿನ ಲೋಹದ ಮೈಗೆ ಅರ್ತ್ ವೈರ್ ಕೂರಿಸಿದ ಜಾಗದ ತುಕ್ಕು, ಎಲ್ಲವೂ ಸ್ವಲ್ಪ ಸ್ವಲ್ಪ ತಿಂದಿದ್ದವು. ಹ್ಯಾಲೊಜನ್ ವಿಷಯದಲ್ಲಿ ಇದು ಸಣ್ಣ ನಷ್ಟವಲ್ಲ. ವೋಲ್ಟೇಜ್ ಶೇಕಡಾ 5 ಇಳಿದರೆ ಬೆಳಕು ಸುಮಾರು ಶೇಕಡಾ 16 ಇಳಿಯುತ್ತದೆ. ಆ ಲೆಕ್ಕದಲ್ಲಿ, ಬ್ಯಾಟರಿಯ ವೋಲ್ಟೇಜ್ ಪೂರ್ತಿ ತಲುಪಿದ್ದರೆ ಸಿಗುತ್ತಿದ್ದ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವೈರಿನಲ್ಲೇ ಸತ್ತಿತ್ತು. ಬಡಪಾಯಿ ಬಲ್ಬನ್ನು ವರ್ಷಗಳಿಂದ ಸುಮ್ಮನೆ ಬೈದಿದ್ದೆ.

ಬ್ಯಾಟರಿಯಿಂದ ನೇರ ದಪ್ಪ ವೈರ್, ಅದರ ಬುಡದಲ್ಲೇ ಫ್ಯೂಸ್, ಡಿಮ್‌ಗೊಂದು ಹೈ ಬೀಮ್‌ಗೊಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಹಳೆಯ ಸ್ವಿಚ್ಚಿಗೆ ಈಗ ರಿಲೇ ಎಳೆಯುವ ಕೆಲಸ ಮಾತ್ರ. ತುಕ್ಕು ಕೆರೆದು ಅರ್ತ್ ಬಿಗಿ ಮಾಡಿದ. ಮೀಟರ್ 13.7 ತೋರಿಸಿತು. ಅದೇ 60/55 ವ್ಯಾಟಿನಲ್ಲಿ ಒಳ್ಳೆಯ ದರ್ಜೆಯ ಹೊಸ ಜೋಡಿ ಬಲ್ಬು ಹಾಕಿದೆವು. ಇವುಗಳ ಆಯಸ್ಸು ಸ್ವಲ್ಪ ಕಡಿಮೆ, ಅಡ್ಡಿಯಿಲ್ಲ. ನೀಲಿ ಬಣ್ಣ ಬಳಿದವುಗಳನ್ನು ಮುಟ್ಟಲಿಲ್ಲ. ನೋಡಲು ಬೆಳ್ಳಗೆ ಕಂಡರೂ ಆ ಲೇಪನ ಒಂದಷ್ಟು ಬೆಳಕನ್ನು ತಾನೇ ನುಂಗುತ್ತದೆ. ಹೊಸ ಬಲ್ಬಿನ ಗಾಜನ್ನೂ ಬೆರಳಿನಲ್ಲಿ ಮುಟ್ಟಲಿಲ್ಲ. ಕೈಯ ಜಿಡ್ಡು ಕಾದ ಗಾಜಿಗೆ ಆಗಿಬರುವುದಿಲ್ಲ.

ದೀಪದ ಹೊರಗಾಜು ಎಂದು ನಾವು ಕರೆಯುವುದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಹಳದಿಗಟ್ಟಿ ಮಸುಕಾಗಿತ್ತು. ಮಸುಕು ಬೆಳಕನ್ನು ಕಡಿಮೆ ಮಾಡುವುದಲ್ಲದೆ ಚೆದುರಿಸುತ್ತದೆ, ಚೆದುರಿದ್ದು ಎದುರಿನವರ ಕಣ್ಣಿಗೇ ಹೋಗುತ್ತದೆ. 1000, 2000, 3000 ನಂಬರಿನ ಉಪ್ಪುಕಾಗದದಲ್ಲಿ ನೀರು ಬಿಡುತ್ತಾ ಉಜ್ಜಿದೆ. ಮೊದಲ ಹತ್ತು ನಿಮಿಷ ಹಳದಿ ಹಾಲಿನಂಥ ನೀರು ಇಳಿಯಿತು. ಆಮೇಲೆ ಇಡೀ ದೀಪ ಮಂಜುಮಂಜಾಗಿ, ಕೆಡಿಸಿಬಿಟ್ಟೆನಲ್ಲ ಎಂದು ಎದೆ ಧಸಕ್ಕೆಂದಿತು. ಪಾಲಿಶ್ ಹಚ್ಚಿದ ಮೇಲೆ ತಿಳಿಯಾಯಿತು. ಬಿಸಿಲು ತಡೆಯುವ ಲೇಪನವನ್ನೂ ಬಳಿದೆ. ಅದನ್ನು ಬಿಟ್ಟರೆ ಬೇಗನೆ ಮತ್ತೆ ಹಳದಿಯಾಗುತ್ತದೆ.

ಕೊನೆಗೆ ಗೋಡೆ. ಸಮತಟ್ಟಾದ ನೆಲ, ಟೈರಿನಲ್ಲಿ ಸರಿಯಾದ ಗಾಳಿ, ಚಾಲಕನ ಸೀಟಿನಲ್ಲಿ ಹೆಂಡತಿ, ಕೈಯಲ್ಲಿ ಅವಳ ಪುಸ್ತಕ. ದೀಪದ ನಡುಭಾಗ ನೆಲದಿಂದ 68 ಸೆಂಟಿಮೀಟರ್. 10 ಮೀಟರ್ ದೂರದ ಗೋಡೆಯಲ್ಲಿ ಗೆರೆ ಅದಕ್ಕಿಂತ 10 ಸೆಂಟಿಮೀಟರ್ ಕೆಳಗಿರಬೇಕು. 58ಕ್ಕೆ ಟೇಪ್ ಅಂಟಿಸಿದೆ. ಹಾಗಿದ್ದರೆ ಬೆಳಕಿನ ಗೆರೆ 68 ಮೀಟರ್ ಆಚೆ ನೆಲ ಮುಟ್ಟುತ್ತದೆ. ಚಾಲಕನ ಬದಿಯ ದೀಪದ ಗೆರೆ ಟೇಪಿನ ಮೇಲೆ ಒಂದು ಗೇಣು ಎತ್ತರದಲ್ಲಿ ಕುಳಿತಿತ್ತು, ಅಂದರೆ ಅದು ನೆಲವನ್ನು ಎಲ್ಲೂ ಮುಟ್ಟುತ್ತಲೇ ಇರಲಿಲ್ಲ. ಎಲ್‌ಇಡಿ ಬರುವ ಮೊದಲೇ ನಾನು ಅಪರಾಧಿಯಾಗಿದ್ದೆನೋ ಏನೋ! ಸ್ಕ್ರೂ ಕಾಲು ಸುತ್ತು ತಿರುಗಿಸುವುದು, ನೋಡುವುದು, ಮತ್ತೆ ಕಾಲು ಸುತ್ತು. ಎರಡೂ ದೀಪ ಟೇಪಿಗೆ ಬಂದು ಕೂರುವಷ್ಟರಲ್ಲಿ ಅವಳು ಒಂದು ಅಧ್ಯಾಯ ಮುಗಿಸಿದ್ದಳು.

ರಾತ್ರಿ ಮತ್ತೆ ಅದೇ ತಿರುವಿಗೆ ಹೋಗಿ ನಿಂತೆ, ಗುಂಡಿಯ ಇನ್ನೊಂದು ಬದಿಯಲ್ಲಿ. ಕಾರು 25 ಮೀಟರ್ ದೂರದಲ್ಲಿ ನಿಂತಾಗ ಬೆಳಕು ನನ್ನ ಮೊಣಕಾಲಿಗೆ ಬಂದು ನಿಂತಿತ್ತು. ಗುಂಡಿಯ ಅಂಚು, ಅದರಲ್ಲಿ ಇನ್ನೂ ಅಚ್ಚಳಿಯದಿದ್ದ ನನ್ನ ಚಪ್ಪಲಿಯ ಗುರುತು, ಎಲ್ಲ ಕಂಡವು. ಗಾಜಿನ ಹಿಂದೆ ಹೆಂಡತಿಯ ಮುಖವೂ ಮಸುಕಾಗಿ ಕಂಡಿತು.

ಅತ್ತೆಯನ್ನು ಬಿಟ್ಟುಬರಲು ಹೊರಟಾಗ ಹಿಂದಿನ ಸೀಟೂ ಡಿಕ್ಕಿಯೂ ತುಂಬಿದ್ದವು. ಹಿಂಬದಿ ತಗ್ಗಿ ಮೂತಿ ಮೇಲೆದ್ದಿತ್ತು. ಡ್ಯಾಶ್‌ಬೋರ್ಡಿನ ಗುಂಡಿಯನ್ನು 0ಯಿಂದ 2ಕ್ಕೆ ತಿರುಗಿಸಿ ಬೆಳಕು ಇಳಿಸಿಕೊಂಡೆ. ದಾರಿಯುದ್ದಕ್ಕೂ ಯಾರೂ ಮಿನುಗಿಸಲಿಲ್ಲ. ಹಿಂದಿರುಗುವಾಗ ಎದುರಿನಿಂದ ಒಬ್ಬ ಎರಡು ಬಿಳಿ ಬೆಂಕಿಯುಂಡೆಗಳನ್ನು ಹೊತ್ತು ಬಂದ. ಹೆಂಡತಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದಳು: "ಆ ಪೆಟ್ಟಿಗೆಯನ್ನು ಇವರಿಗೇನಾದರೂ ಕೊಟ್ಟಿರಾ?"