ಅತ್ತೆಯ ಸೆರಗಿಗೆ ಪೀಚ್ ಹಣ್ಣಿನ ಸೆಂಟು

ಯುಗಾದಿಗೆ ಹೈದರಾಬಾದಿನಿಂದ ಬಂದ ಅಕ್ಕನ ಮಗಳು ನನ್ನ ಕೈಯಲ್ಲಿ ಒಂದು ಸೆಂಟಿನ ಬಾಟಲಿ ಇಟ್ಟಳು. 50 ಎಂ.ಎಲ್. ಬಾಟಲಿ, ನಸುಗೆಂಪು ಗಾಜು. "ಚಿಗವ್ವಾ, ದಿನಾ ತೊಗರಿ ಧೂಳಿನ್ಯಾಗ ಕೂಡ್ತಿ. ಒಂದ್ಸಲರ ಛಂದ ವಾಸನಿ ಹಚ್ಚಿಕೊಂಡು ಹೋಗು" ಅಂದಳು. ಡಬ್ಬಿಯ ಮೇಲೆ ಪೀಚ್, ಲಿಚಿ, ವೆನಿಲ್ಲಾ ಅಂತ ಬರೆದಿತ್ತು. ಪಕ್ಕದಲ್ಲಿ ಕೂತಿದ್ದ ನಾದಿನಿ ಮೂಸಿ ನೋಡಿದಳು. "ವೈನಿ, ಇದು ಕಾಲೇಜ್ ಹುಡುಗ್ಯಾರ್ದು. ನಿಮಗ ಒಪ್ಪಂಗಿಲ್ಲ ಬಿಡ್ರಿ" ಅಂದಳು.

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನನಗೀಗ 43. ಹಣ್ಣಿನ ವಾಸನೆಗೂ ವಯಸ್ಸು ಅಂತ ಇರುತ್ತದಾ? ಮಾವಿನ ಹಣ್ಣು ತಿನ್ನುವುದಕ್ಕೆ ಯಾರೂ ವಯಸ್ಸು ಕೇಳುವುದಿಲ್ಲ, ಅಲ್ವಾ? ಎಂಟು ತಿಂಗಳು ಆ ಸೆಂಟನ್ನು ನಾನೂ ಹಚ್ಚಿಕೊಂಡು, ಮನೆಯವರಿಗೂ ಹಚ್ಚಿ ನೋಡಿದೆ. ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಮೂಗಿನ ಬಗ್ಗೆ ಹೇಳಬೇಕು. ನಾನು ಕಲಬುರಗಿಯ ಕಪನೂರು ಕಡೆ ಒಂದು ದಾಲ್ ಮಿಲ್‌ನಲ್ಲಿ 17 ವರ್ಷದಿಂದ ಲೆಕ್ಕ ಬರೆಯುತ್ತೇನೆ. ತೊಗರಿಗೆ ಎಣ್ಣೆ ಸವರಿ, ರಾಶಿ ಹಾಕಿ, ಆಮೇಲೆ ಅಂಗಳದಲ್ಲಿ ಬಿಸಿಲಿಗೆ ಹರವುತ್ತಾರೆ. ಆಗ ಬರುವ ವಾಸನೆ ಹುರಿದ ಶೇಂಗಾಕ್ಕೂ ಒಣ ಮಣ್ಣಿಗೂ ನಡುವಿನದು. ಕಾಳು ಸರಿಯಾಗಿ ಒಣಗಿದೆಯೋ ಇಲ್ಲವೋ ಅಂತ ಕಿಟಕಿಯಲ್ಲಿ ಕೂತೇ ಹೇಳಬಲ್ಲೆ. ಹಸಿ ಉಳಿದಿದ್ದರೆ ಆ ವಾಸನೆಯಲ್ಲಿ ಸ್ವಲ್ಪ ಮುಗ್ಗಿದ ಚೀಲದ ನಾತ ಸೇರಿರುತ್ತದೆ. ವಾಸನೆ ಗಮನಿಸುವುದು ನನಗೆ ಹಾಗೆ ರೂಢಿಯಾಗಿದೆ.

ಈಗ ಬಾಟಲಿಗೆ ಬರುತ್ತೇನೆ. ಒಂದು ಸಲ ಒತ್ತಿದರೆ ಮೊದಲು ಮೂಗಿಗೆ ಬರುವುದು ಲಿಚಿ. ಸಿಪ್ಪೆ ಬಿಡಿಸಿದ ಕೂಡಲೇ ಬೆರಳಿಗೆ ಅಂಟುತ್ತದಲ್ಲ, ಆ ನೀರು ನೀರಾದ ಸಿಹಿ. ಅದರಲ್ಲಿ ಗುಲಾಬಿಯ ಒಂದು ಎಳೆಯೂ ಇದೆ. ಇದು ನನ್ನ ಭ್ರಮೆಯೇನಲ್ಲ. ಗುಲಾಬಿಗೆ ಅದರ ಘಮ ಕೊಡುವ ರೋಸ್ ಆಕ್ಸೈಡ್ ಎಂಬ ವಸ್ತು ಲಿಚಿ ಹಣ್ಣಿನಲ್ಲೂ ಇದೆ. ಹತ್ತು ಹದಿನೈದು ನಿಮಿಷದಲ್ಲಿ ಲಿಚಿ ಹೋಗಿಬಿಡುತ್ತದೆ. ಆಗ ಪೀಚ್ ಮೇಲೆ ಬರುತ್ತದೆ. ಅದು ನೀರು ನೀರಾಗಿಲ್ಲ, ಮೆತ್ತಗಿದೆ. ಹಾಲಿನ ಕೆನೆಗೆ ಹಣ್ಣಿನ ರಸ ಕಲಸಿದ ಹಾಗೆ. ಎರಡು ತಾಸಾದ ಮೇಲೆ ಹಣ್ಣೂ ತೆಳುವಾಗಿ, ವೆನಿಲ್ಲಾ ಮತ್ತು ಬಾಂಬೆ ಮಿಠಾಯಿಯ ಸಕ್ಕರೆ ವಾಸನೆ ಉಳಿಯುತ್ತದೆ. ಕೊನೆಗೆ, ಸಂಜೆ ಹೊತ್ತಿಗೆ, ತೊಳೆದು ಒಣಗಿಸಿದ ಬಟ್ಟೆಯಂಥ ಒಂದು ಕಸ್ತೂರಿ. ಮೊದಲ ಹತ್ತು ನಿಮಿಷ ನೋಡಿ ಸೆಂಟು ಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಅಂಗಡಿಯಲ್ಲಿ ಕಾಗದದ ಪಟ್ಟಿಯ ಮೇಲೆ ಮೂಸಿದ್ದು ಲಿಚಿ. ಮನೆಯವರ ಜೊತೆ ದಿನವಿಡೀ ಇರುವುದು ವೆನಿಲ್ಲಾ. ಕೈಗೆ ಹಚ್ಚಿಕೊಂಡು, ಚಹಾ ಕುಡಿದು, ಒಂದು ಸುತ್ತು ಹಾಕಿ ಬಂದು ಮತ್ತೆ ಮೂಸಬೇಕು.

ಏಪ್ರಿಲ್‌ನಲ್ಲಿ ಒಂದು ತಪ್ಪು ಮಾಡಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಅವತ್ತು ಬಿಸಿಲು 42 ಡಿಗ್ರಿ. ಬೆಳಿಗ್ಗೆ ಕತ್ತಿಗೆ ಮೂರು ಸಲ, ಮಣಿಕಟ್ಟಿಗೆ ಎರಡು ಸಲ ಒತ್ತಿಕೊಂಡು ಹೋದೆ. ಮಿಲ್‌ನ ಆಫೀಸು ಸಣ್ಣ ಕೋಣೆ, ಒಂದೇ ಕೂಲರ್. ಹತ್ತು ಗಂಟೆಗೆ ನನಗೆ ನನ್ನ ಸೆಂಟಿನ ವಾಸನೆಯೇ ಬರಲಿಲ್ಲ. ಹಾರಿಹೋಯಿತು ಅಂದುಕೊಂಡು ಮತ್ತೆರಡು ಸಲ ಒತ್ತಿದೆ. ನನ್ನ ಎದುರಿನ ಟೇಬಲಿನ ಹುಡುಗಿ ಐದು ತಿಂಗಳ ಬಸುರಿ. ಮೊದಲು ಸೆರಗು ಮೂಗಿಗೆ ಹಿಡಿದಳು. ಆಮೇಲೆ ಎದ್ದು ಹೊರಗೆ ಓಡಿದಳು. ವಾಪಸ್ ಬಂದು ಮುಖ ಒರೆಸಿಕೊಳ್ಳುತ್ತಾ, "ಅಕ್ಕಾ, ತಪ್ಪು ತಿಳ್ಕೋಬ್ಯಾಡ್ರಿ. ಮಿಠಾಯಿ ಅಂಗಡ್ಯಾಗ ಬಾಗಿಲ ಹಾಕ್ಕೊಂಡು ಕುಂತಂಗ ಆಗ್ತದ" ಅಂದಳು. ನನಗೆ ತುಂಬಾ ಬೇಜಾರಾಯಿತು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಅವಳು ನನ್ನಿಂದ ಒದ್ದಾಡಿದಳಲ್ಲ ಅಂತ.

ವಾಸನೆ ಹಾರಿಹೋಗಿರಲಿಲ್ಲ. ನನ್ನ ಮೂಗು ಅದಕ್ಕೆ ಒಗ್ಗಿಹೋಗಿತ್ತು, ಅಷ್ಟೇ. ಒಂದೇ ವಾಸನೆಯಲ್ಲಿ ತುಂಬಾ ಹೊತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಸದಾಗಿ ಒಳಗೆ ಬಂದವರಿಗೆ ಮಾತ್ರ ಪೂರ್ತಿ ಬಡಿಯುತ್ತದೆ. ಅದರ ಮೇಲೆ ಬಿಸಿಲು. ಮೈ ಬಿಸಿಯಾದಷ್ಟೂ ಸೆಂಟು ಬೇಗ ಬೇಗ ಗಾಳಿಗೆ ಏಳುತ್ತದೆ. ಹಗುರಾದ ಲಿಚಿ ಐದೇ ನಿಮಿಷದಲ್ಲಿ ಮುಗಿದು, ಭಾರವಾದ ಸಕ್ಕರೆ ವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ.

ಆ ವಾರವೇ ದರ್ಗಾದ ಕಡೆ ಹೋದೆ. ಖ್ವಾಜಾ ಬಂದಾನವಾಜರ ದರ್ಗಾದ ಹತ್ತಿರ ಅತ್ತರ್ ಮಾರುವ ಒಬ್ಬ ಚಾಚಾ ನನಗೆ ಮದುವೆಯಾದಾಗಿನಿಂದ ಗೊತ್ತು. ಅವರಿಗೆ ಬಾಟಲಿ ತೋರಿಸಿದೆ. ಅವರು ಅದನ್ನು ನೇರವಾಗಿ ಮೂಸಲಿಲ್ಲ. ಸಣ್ಣ ಹತ್ತಿ ಉಂಡೆ ಮಾಡಿ, ಅದಕ್ಕೆ ಒಂದು ಸಲ ಒತ್ತಿ, ಗಾಳಿಯಲ್ಲಿ ನಾಲ್ಕು ಸಲ ಬೀಸಿ, ಸ್ಪಿರಿಟ್ ಹಾರಿದ ಮೇಲೆ ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಇದ್ದರು. "ಅಚ್ಛಾ ಹೈ ಅಮ್ಮಾ. ಲೇಕಿನ್ ಧೂಪ್ ಮೆ ಮೀಠಾ ನಕ್ಕೋ" ಅಂದರು. ಬಿಸಿಲಿನಲ್ಲಿ ಸಿಹಿ ಬೇಡ. ಬೇಸಿಗೆಗೆ ಲಾವಂಚ, ಗುಲಾಬಿ, ಮಲ್ಲಿಗೆ, ಇಲ್ಲವೇ ಮಣ್ಣಿನ ವಾಸನೆಯ ಮಿಟ್ಟಿ ಅತ್ತರ್. ಚಳಿಗೆ ಹೀನಾ, ಅಂಬರ್, ಊದ್. ಅತ್ತರಿನವರ ಲೆಕ್ಕ ಮೊದಲಿನಿಂದ ಹೀಗೇ ಇದೆ. ಸಿಹಿ ಹಣ್ಣಿನ ಸೆಂಟು ಈ ಲೆಕ್ಕದಲ್ಲಿ ಚಳಿಗಾಲದ ಸಾಲಿಗೆ ಸೇರಬೇಕು ಅಂತ ಚಾಚಾ ಹೇಳಿದರು. ಹಣ್ಣು ಅಂದರೆ ತಂಪು ಅಂತ ನಾವು ಅಂದುಕೊಳ್ಳುತ್ತೇವೆ. ಇಂಥ ಸಿಹಿ ಸೆಂಟಿನಲ್ಲಿ ಹಣ್ಣಿನ ಕೆಳಗೆ ವೆನಿಲ್ಲಾ, ಸಕ್ಕರೆ ಇರುತ್ತವೆ. ಬಿಸಿ ಇರುವುದು ಅಲ್ಲಿ.

ನಾನು ಅಲ್ಲಿದ್ದಾಗಲೇ ಇಬ್ಬರು ಹುಡುಗರು ಬಂದು ಅನಾನಸ್ ವಾಸನೆಯ ಎಣ್ಣೆ ಕೇಳಿದರು. ಗಡ್ಡ ಬಿಟ್ಟ ಗಟ್ಟಿ ಹುಡುಗರು. ಹಣ್ಣಿನ ಸೆಂಟು ಹೆಣ್ಣುಮಕ್ಕಳದ್ದು ಅನ್ನುವವರು ಒಮ್ಮೆ ಆ ಅಂಗಡಿಯಲ್ಲಿ ನಿಲ್ಲಬೇಕು. ಕ್ರೀಡ್ ಕಂಪನಿ 2010ರಲ್ಲಿ ತಂದ ಅವೆಂಟಸ್ ಗಂಡಸರ ಸೆಂಟು. ಅದರ ಮುಖ್ಯ ಗುರುತೇ ಅನಾನಸ್. ಅದು ದುಬಾರಿ, ಆದರೆ ಅದರ ಹೋಲಿಕೆಯ ಎಣ್ಣೆಗಳು ಸಣ್ಣ ಶೀಶೆಗಳಲ್ಲಿ ಊರೂರಿಗೂ ಬಂದಿವೆ. ಅನಾನಸಿನ ಕೆಳಗೆ ಹೊಗೆ, ಕಟ್ಟಿಗೆಯ ವಾಸನೆ ಇಟ್ಟರೆ ಗಂಡಸಿನದು, ವೆನಿಲ್ಲಾ ಇಟ್ಟರೆ ಹೆಂಗಸಿನದು ಅಂತ ಮಾರುತ್ತಾರೆ. ಹಣ್ಣಿಗೆ ಆ ಭೇದ ಇಲ್ಲ.

ಇನ್ನೊಂದು ವಿಷಯ ನನಗೆ ಮೊದಲು ಗೊತ್ತಿರಲಿಲ್ಲ. ಕಿತ್ತಳೆ, ನಿಂಬೆಯ ಸಿಪ್ಪೆಯನ್ನು ಹಿಂಡಿದರೆ ಸೆಂಟಿಗೆ ಬೇಕಾದ ಎಣ್ಣೆ ಬರುತ್ತದೆ. ಪೀಚ್, ಲಿಚಿಯಂಥ ಹಣ್ಣುಗಳಿಂದ ಹಾಗೆ ಬರುವುದಿಲ್ಲ. ಅವುಗಳ ವಾಸನೆಯನ್ನು ಬೇರೆ ಬೇರೆ ವಸ್ತು ಸೇರಿಸಿ ಕಟ್ಟಬೇಕು. ಪೀಚಿನ ವಾಸನೆ ಕೊಡುವ ಒಂದು ವಸ್ತುವಿದೆ, ಗಾಮಾ ಅಂಡೆಕಾಲ್ಯಾಕ್ಟೋನ್ ಅಂತ. ಅದನ್ನು ಹಾಕಿ ಗೆರ್ಲಾನ್ ಕಂಪನಿ 1919ರಲ್ಲೇ ಮಿತ್ಸುಕೊ ಎಂಬ ಸೆಂಟು ಮಾಡಿತ್ತು. ನೂರು ವರ್ಷದ ಹಿಂದೆಯೇ ಪೀಚ್ ದೊಡ್ಡ ಹೆಂಗಸರ ಸೆಂಟಿನಲ್ಲಿ ಇತ್ತು. ಬಾಂಬೆ ಮಿಠಾಯಿ ವಾಸನೆ ಕೊಡುವ ಈಥೈಲ್ ಮಾಲ್ಟಾಲ್ ಎಂಬ ವಸ್ತುವನ್ನು ಪಚೋಲಿ ಎಲೆಯ ಎಣ್ಣೆ ಜೊತೆ ಧಾರಾಳವಾಗಿ ಹಾಕಿದ್ದು 1992ರಲ್ಲಿ ಬಂದ ಏಂಜೆಲ್ ಎಂಬ ಸೆಂಟಿನಲ್ಲಿ. ಆಮೇಲೆ ಸಿಹಿ ಸೆಂಟುಗಳ ಸಾಲೇ ಬಂತು. ಕಾಲೇಜು ಹುಡುಗಿಯರ ಹೆಸರು ಇದಕ್ಕೆ ಅಂಟಿದ್ದು ಅದಾದ ಮೇಲಿನ ಮಾತು ಅಂತ ನನಗೆ ಅನ್ನಿಸುತ್ತದೆ.

ಹೊಲಕ್ಕೆ, ತೋಟಕ್ಕೆ ಹೋಗುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಬಾಳೆಹಣ್ಣಿನ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟ್ ಮತ್ತು ಜೇನುಹುಳು ಅಪಾಯ ಕಂಡಾಗ ಬೇರೆ ಹುಳುಗಳನ್ನು ಕರೆಯಲು ಬಿಡುವ ವಾಸನೆಯ ಮುಖ್ಯ ವಸ್ತು ಎರಡೂ ಒಂದೇ. ಜೇನುಗೂಡು ಇರುವ ಕಡೆ ಬಾಳೆಹಣ್ಣಿನ ಸೆಂಟು ಖಂಡಿತ ಬೇಡ.

ಹಾಗಾದರೆ ಈ ಸೆಂಟು ಯಾರಿಗೆ? ಬಾಟಲಿ ಅರ್ಧವಾದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಮಧ್ಯಾಹ್ನ ಬಸ್ಸಿನಲ್ಲಿ ನಿಂತು ಹೋಗುವವರಿಗೆ, ಬೆವರು ಜಾಸ್ತಿ ಬರುವವರಿಗೆ ಇದು ಬೇಡ. ಬೆವರಿಗೆ ಸಕ್ಕರೆ ವಾಸನೆ ಸೇರಿದರೆ ಹುಳಿ ಹುಳಿ ನಾತ ಬರುತ್ತದೆ. ಬಾಣಂತಿಯರು, ಕೂಸುಗಳು, ತಲೆನೋವಿನವರು ಇರುವ ಕೋಣೆಗೂ ಬೇಡ. ಸಂಜೆ ಹೊರಗೆ ಹೋಗುವವರಿಗೆ, ಚಳಿಗಾಲದ ಮದುವೆಗೆ, ನಾಲ್ಕು ಮಾರು ದೂರ ಕೂತು ಮಾತಾಡುವ ಅಂಗಳಕ್ಕೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಒಂದು ಸಲ ಒತ್ತಿದರೆ ಸಾಕು. ಕೈಗೆ ಮೊದಲು ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ನಮ್ಮ ಕಡೆಯ ಒಣ ಹವೆಗೆ ಚರ್ಮ ಸೆಂಟನ್ನು ಬೇಗ ಕಳೆದುಕೊಳ್ಳುತ್ತದೆ, ಎಣ್ಣೆ ಇದ್ದರೆ ಹಿಡಿದುಕೊಳ್ಳುತ್ತದೆ. ಚಾಚಾ ಕೊಟ್ಟ ಗುಲಾಬಿ ಅತ್ತರಿನ ಒಂದು ಚುಕ್ಕೆ ಕೆಳಗೆ ಹಚ್ಚಿ ಮೇಲೆ ಇದನ್ನು ಒತ್ತಿದೆ. ಲಿಚಿ ಬೇಗ ಸಾಯಲಿಲ್ಲ. ಗುಲಾಬಿಯೇ ಅದನ್ನು ಎತ್ತಿ ಹಿಡಿದ ಹಾಗಿತ್ತು. ಮುತ್ತಿನ ಸರಕ್ಕೆ, ರೇಷ್ಮೆ ಸೀರೆಗೆ ಮಾತ್ರ ತಾಗಿಸಬೇಡಿ.

ವಯಸ್ಸಿನ ಮಾತಿಗೆ ಉತ್ತರ ಸಿಕ್ಕಿದ್ದು ಡಿಸೆಂಬರ್‌ನಲ್ಲಿ, ನಮ್ಮ ಅತ್ತೆಯಿಂದ.

ಅತ್ತೆಗೆ 68 ವರ್ಷ. ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವತ್ತಿನಿಂದ ಅವರು ಮಲ್ಲಿಗೆ ಮುಡಿದಿಲ್ಲ. ಯಾರೂ ಬೇಡ ಅಂದಿಲ್ಲ, ಆದರೆ ಮುಡಿದುಕೊಳ್ಳಿ ಅಂತಲೂ ಯಾರೂ ಅಂದಿಲ್ಲ. ನಾನೂ ಅಂದಿಲ್ಲ. ಅದು ನನ್ನ ತಪ್ಪು. ಹೂವಿನ ಬುಟ್ಟಿಯವಳು ಮನೆ ಮುಂದೆ ಬಂದಾಗ ಅತ್ತೆ ಮೊಳ ಅಳೆಸಿ ನನಗೆ, ನನ್ನ ಮಗಳಿಗೆ ಕೊಟ್ಟು, ಬೆರಳನ್ನು ಒಂದು ಸಲ ಮೂಸಿಕೊಂಡು ಒಳಗೆ ಹೋಗುತ್ತಾರೆ. ಇಷ್ಟು ವರ್ಷ ಅದನ್ನು ನೋಡುತ್ತಾ ಬಂದಿದ್ದೇನೆ.

ಅವತ್ತು ರಾತ್ರಿ ಒಳ್ಳೆ ಚಳಿ. ಅತ್ತೆ ಹಳೇ ಕಂದು ಶಾಲು ಹೊದ್ದು ಪಡಸಾಲೆಯಲ್ಲಿ ಕೂತಿದ್ದರು. ನಾನು ಮದುವೆಯ ಆರತಕ್ಷತೆಗೆ ತಯಾರಾಗುತ್ತಿದ್ದೆ. ಬಾಟಲಿ ಕೈಯಲ್ಲಿತ್ತು. ಏನು ತೋಚಿತೋ, ಹತ್ತಿರ ಹೋಗಿ, "ಅತ್ತಿ, ಸ್ವಲ್ಪ ಸೆರಗು ಕೊಡ್ರಿ" ಅಂದೆ. "ನನಗ್ಯಾಕವಾ" ಅಂದರು. ಅಂದರು, ಆದರೆ ಸೆರಗು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹತ್ತಿ ಸೀರೆಯ ಸೆರಗಿನ ತುದಿಗೆ ಒಂದು ಸಲ ಒತ್ತಿದೆ.

ಅತ್ತೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ತಂದರು. ಕಣ್ಣು ತೆರೆದೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. "ಹುಲ್ಲಿನ್ಯಾಗ ಹಣ್ಣಿಗಿ ಇಟ್ಟಿದ್ದ ಮಾವಿನಕಾಯಿ ವಾಸನಿ ಇದು" ಅಂದರು. ಚಿಂಚೋಳಿ ಕಡೆ ಅವರ ತವರು. ಅಟ್ಟದ ಮೇಲೆ ಹುಲ್ಲು ಹಾಸಿ ಕಾಯಿ ಇಡುತ್ತಿದ್ದರಂತೆ. ನಾಲ್ಕನೇ ದಿನಕ್ಕೆ ಅವರಪ್ಪ ಏಣಿ ಹತ್ತಿ, ಹುಲ್ಲಿನೊಳಗೆ ಕೈ ಹಾಕಿ, ಒಂದೊಂದೇ ಹಣ್ಣನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರಂತೆ. ಕೆಳಗೆ ಆರು ಮಕ್ಕಳು ಏಣಿ ಹಿಡಿದು ನಿಲ್ಲುವುದು. ಮೊದಲ ಹಣ್ಣು ಯಾವಾಗಲೂ ಇವರಿಗೆ, ಮನೆಗೆ ಸಣ್ಣವರು ಅಂತ.

ಅತ್ತೆ ಪೀಚ್ ಹಣ್ಣನ್ನು ಜೀವನದಲ್ಲಿ ತಿಂದಿಲ್ಲ. ಆದರೂ ಅವರ ಮೂಗು ತಪ್ಪು ಹೇಳಲಿಲ್ಲ. ಪೀಚಿಗೆ ಆ ಕೆನೆಯಂಥ ವಾಸನೆ ಕೊಡುವ ಲ್ಯಾಕ್ಟೋನ್ ಎಂಬ ವಸ್ತುಗಳ ಬಳಗದವು ಮಾವಿನಲ್ಲೂ ಇವೆ. ಇನ್ನೊಂದು ನೋಡಿದೆ. ನನ್ನ ಮೈಮೇಲೆ ಸಕ್ಕರೆಯಾಗಿ ಕೋಣೆ ತುಂಬುವ ಅದೇ ಸೆಂಟು ಅವರ ಹತ್ತಿರ ಹಾಗೆ ಮಾಡಲಿಲ್ಲ. ಚಳಿ, ಹತ್ತಿ ಬಟ್ಟೆ, ಒಂದೇ ಒಂದು ಸಲ ಒತ್ತಿದ್ದು. ಹಣೆಯ ವಿಭೂತಿ, ಶಾಲಿನಲ್ಲಿ ಉಳಿದ ಕರ್ಪೂರದ ಗುಳಿಗೆ ವಾಸನೆ, ಅದರ ನಡುವೆ ಮೆತ್ತಗೆ ಹಣ್ಣು. ಎಂಟು ತಿಂಗಳಲ್ಲಿ ಆ ಬಾಟಲಿ ಅಷ್ಟು ಚೆನ್ನಾಗಿ ಯಾರಿಗೂ ಒಪ್ಪಿರಲಿಲ್ಲ. ನನಗೂ ಇಲ್ಲ, ಅದನ್ನು ತಂದ ಅಕ್ಕನ ಮಗಳಿಗೂ ಇಲ್ಲ.

ಆರತಕ್ಷತೆಯಿಂದ ನಾವು ಬಂದಾಗ ಹನ್ನೊಂದಾಗಿತ್ತು. ಅತ್ತೆ ಮಲಗಿದ್ದರು. ಸೆರಗಿನ ತುದಿ ಮುಖದ ಹತ್ತಿರ ಮಡಚಿಕೊಂಡಿತ್ತು.

ಮಾರನೇ ವಾರ ನಾದಿನಿ ಬಂದಳು. ತಾಯಿಯ ಪಕ್ಕ ಕೂತವಳು, "ಅವ್ವಾ, ಏನು ಹಚ್ಚಿಕೊಂಡಿ? ಭಾಳ ಛಲೋ ವಾಸನಿ ಬರ್ಲಿಕತ್ತದ" ಅಂದಳು. ಅತ್ತೆ ನನ್ನ ಕಡೆ ನೋಡಿದರು. ನಾನು ಒಳಗಿನಿಂದ ಬಾಟಲಿ ತಂದು ನಾದಿನಿಯ ಕೈಯಲ್ಲಿಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ, ತಾಯಿಯ ಇನ್ನೊಂದು ಬದಿಯ ಶಾಲಿಗೂ ಒಂದು ಸಲ ಒತ್ತಿದಳು.

ಈಗ ಬಾಟಲಿ ನನ್ನ ಕನ್ನಡಿಯ ಮುಂದೆ ಇಲ್ಲ. ಬಿಸಿಲು ತಾಗದ ಕಪಾಟಿನಲ್ಲಿ, ಅತ್ತೆಯ ವಿಭೂತಿ ಗಟ್ಟಿಯ ಪಕ್ಕ ಇದೆ. ಸೋಮವಾರ ಶರಣಬಸವೇಶ್ವರ ಗುಡಿಗೆ ಹೊರಡುವಾಗ ಅವರೇ ತೆಗೆದುಕೊಂಡು ಬರುತ್ತಾರೆ. ಮುಚ್ಚಳ ಬಿಗಿಯಾಗಿದೆ, ಅವರ ಬೆರಳಿಗೆ ಬರುವುದಿಲ್ಲ. ನಾನು ತೆಗೆದು ಕೊಡುತ್ತೇನೆ. ಹೋದ ಸೋಮವಾರ ಹೂವಿನ ಬುಟ್ಟಿಯವಳು ಬಂದಾಗ ನಾನು ಮೂರು ಮೊಳದ ಬದಲು ನಾಲ್ಕು ಮೊಳ ಅಳೆಸಿದೆ.